ಕಂಪನಿ ಹೆಸರು ಆಮೇಲೆ, ಮೊದಲು ಗೇರ್‌ಬಾಕ್ಸ್ ಯಾವುದು ಕೇಳಿ

ಮನೆಯಲ್ಲಿ ಕಾರು ತಗೊಳ್ಳುವ ಮಾತು ಎದ್ದರೆ ಎಲ್ಲರೂ ಎಕ್ಸ್‌ಪರ್ಟುಗಳೇ. "ಟೊಯೋಟ ತಗೋ, ಕಣ್ಣು ಮುಚ್ಚಿ ಹತ್ತು ವರ್ಷ ಓಡಿಸು" ಅಂತ ಮಾವ. "ಮಾರುತಿ ಆದ್ರೆ ಎಲ್ಲಿ ಕೆಟ್ಟು ನಿಂತ್ರೂ ಮೆಕ್ಯಾನಿಕ್ ಸಿಗ್ತಾನೆ" ಅಂತ ಅಪ್ಪ. "ಜರ್ಮನ್ ಕಾರು ಓಡಿಸೋಕೆ ಮಜಾ, ಸರ್ವಿಸ್ ಬಿಲ್ ನೋಡಿದ್ರೆ ಜ್ವರ" ಅಂತ ಆಫೀಸಿನ ಗೆಳೆಯ. ಇವು ಪೂರ್ತಿ ಸುಳ್ಳು ಮಾತುಗಳಲ್ಲ. ಆದರೆ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಮುಂದೆ ನಿಂತು ಅಡ್ವಾನ್ಸ್ ಕೊಡಬೇಕೋ ಬೇಡವೋ ಅಂತ ಯೋಚಿಸುವಾಗ ಇವು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಒಳ್ಳೆಯ ಹೆಸರಿರುವ ಕಂಪನಿಯ ಏಳು ವರ್ಷ ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದೆ. ಫಸ್ಟ್ ಓನರ್, ಬಾಡಿ ಮೇಲೆ ಒಂದು ಗೆರೆ ಬಿದ್ದಿರಲಿಲ್ಲ, ಸೀಟಿನ ಪ್ಲಾಸ್ಟಿಕ್ ವಾಸನೆ ಕೂಡ ಹೋಗಿರಲಿಲ್ಲ. ಮೂರು ತಿಂಗಳಲ್ಲಿ ಸಿಗ್ನಲ್‌ನಿಂದ ಹೊರಡುವಾಗ ಮೈ ನಡುಗಿದ ಹಾಗೆ ಕಾರು ನಡುಗತೊಡಗಿತು. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ ಡ್ರೈನ್ ಬೋಲ್ಟ್ ಬಿಚ್ಚಿದಾಗ ಬಂದ ಆಯಿಲ್, ನಮ್ಮನೆ ಫಿಲ್ಟರ್‌ನ ಮೊದಲ ಡಿಕಾಕ್ಷನ್ ಥರ ಕಪ್ಪಗಿತ್ತು. ಮೆಕ್ಯಾನಿಕ್ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದ. "ಮೂಸಿ ನೋಡಿ ಸಾರ್, ಸೀದು ಹೋಗಿದೆ." ನಿಜ. ತಳ ಹಿಡಿದ ಪಾತ್ರೆಯ ವಾಸನೆ. ಏಳು ವರ್ಷದಲ್ಲಿ ಒಂದು ಸಲವೂ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವತ್ತಿನಿಂದ ನನ್ನ ಹತ್ತಿರ ಕಾರಿನ ಬಗ್ಗೆ ಸಲಹೆ ಕೇಳಿ ಬಂದವರಿಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಗೇರ್‌ಬಾಕ್ಸ್ ಯಾವುದು? ಅದರ ಆಯಿಲ್ ಯಾವಾಗ ಬದಲಾಗಿದೆ? ಕೆಳಗಿನದೆಲ್ಲ ಈ ಎರಡು ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಹೆಜ್ಜೆ 1: ಯಾವ ಗೇರ್‌ಬಾಕ್ಸ್ ಅಂತ ಪತ್ತೆ ಮಾಡಿ

"ಆಟೋಮ್ಯಾಟಿಕ್" ಅನ್ನುವುದು ಒಂದು ವಸ್ತುವಿನ ಹೆಸರಲ್ಲ. ನಮ್ಮ ರಸ್ತೆಯಲ್ಲಿ ಕ್ಲಚ್ ಪೆಡಲ್ ಇಲ್ಲದ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ ಇವೆ. ನಾಲ್ಕಕ್ಕೂ ಸ್ವಭಾವ ಬೇರೆ, ಕಾಯಿಲೆ ಬೇರೆ.

ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂತು. ಅಗ್ಗ, ಮೈಲೇಜ್ ಚೆನ್ನಾಗಿದೆ, ರಿಪೇರಿ ಸುಲಭ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ವಾಲುತ್ತದೆ. ಅದು ದೋಷವಲ್ಲ, ಅದರ ಹುಟ್ಟುಗುಣ.

ಟಾರ್ಕ್ ಕನ್ವರ್ಟರ್ ಹಳೆಯ ಕಾಲದ, ಗಟ್ಟಿಮುಟ್ಟಾದ ಆಟೋಮ್ಯಾಟಿಕ್. ಎಂಜಿನ್ನಿಗೂ ಗೇರಿಗೂ ನಡುವೆ ಆಯಿಲ್ ಸುಳಿ ತಿರುಗುತ್ತಾ ಶಕ್ತಿಯನ್ನು ದಾಟಿಸುತ್ತದೆ. ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್‌ನಲ್ಲಿರುವುದು ಇದೇ.

ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ರಾಟೆ, ಅವುಗಳ ನಡುವೆ ಒಂದು ಸ್ಟೀಲ್ ಬೆಲ್ಟ್. ರಾಟೆಗಳು ಅಗಲ ಕಿರಿದಾಗುತ್ತಾ ವೇಗ ಹೊಂದಿಸುತ್ತವೆ. ಈಚಿನ ವರ್ಷಗಳ ಹೋಂಡಾ ಸಿಟಿ, ಅಮೇಜ್ ಪೆಟ್ರೋಲ್ ಆಟೋಮ್ಯಾಟಿಕ್‌ಗಳು ನೆನಪಾಗಲಿ. ಜರ್ಕ್ ಅನ್ನುವುದೇ ಇಲ್ಲ, ಬೆಣ್ಣೆಯ ಹಾಗೆ ಹೋಗುತ್ತದೆ. ಆದರೆ ಆಯಿಲ್ ವಿಷಯದಲ್ಲಿ ನಾಲ್ಕರಲ್ಲೂ ಮಡಿವಂತ ಇದೇ.

ಡಿಸಿಟಿ, ಫೋಕ್ಸ್‌ವ್ಯಾಗನ್ ಬಳಗದಲ್ಲಿ ಡಿಎಸ್‌ಜಿ, ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ಒಂದು ಕ್ಲಚ್ 1, 3, 5ನ್ನು ನೋಡಿಕೊಂಡರೆ ಇನ್ನೊಂದು 2, 4, 6ನ್ನು. ಗೇರ್ ಬದಲಾದದ್ದೇ ಗೊತ್ತಾಗದಷ್ಟು ಚುರುಕು. ಇದರಲ್ಲಿ ಮತ್ತೆ ಎರಡು ಜಾತಿ. ಕ್ಲಚ್ ಆಯಿಲಿನಲ್ಲಿ ಮುಳುಗಿದ್ದರೆ ವೆಟ್, ಇಲ್ಲದಿದ್ದರೆ ಡ್ರೈ. ಟ್ರಾಫಿಕ್‌ನಲ್ಲಿ ಬಿಸಿ ತಡೆಯುವ ವಿಷಯಕ್ಕೆ ಬಂದರೆ ಈ ವ್ಯತ್ಯಾಸ ದೊಡ್ಡದು.

ಈಗ ತಮಾಷೆ ನೋಡಿ. ಒಂದೇ ಕಾರಿನ ಹೆಸರಿನಡಿ ಬೇರೆ ಬೇರೆ ಗೇರ್‌ಬಾಕ್ಸ್ ಇರುತ್ತದೆ. 2022ರ ಹೊಸ ರೂಪ ಬರುವವರೆಗೆ ಬಲೆನೊ ಆಟೋಮ್ಯಾಟಿಕ್ ಅಂದರೆ ಸಿವಿಟಿ, ಆಮೇಲೆ ಎಎಂಟಿ. 2020ರಲ್ಲಿ ಬಂದ ಹ್ಯುಂಡೈ ಐ20ಯಲ್ಲಿ 1.2 ಎಂಜಿನ್‌ಗೆ ಸಿವಿಟಿ ಬಗೆಯದು, 1.0 ಟರ್ಬೊಗೆ ಡಿಸಿಟಿ. ಸ್ಕೋಡಾ ಸ್ಲಾವಿಯಾ 1.0 ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಆಗಿ ಬಂತು, 1.5 ಡಿಎಸ್‌ಜಿ ಆಗಿ ಬಂತು. ಟಾಟಾ ನೆಕ್ಸಾನ್ 2023ರ ಮೇಲೆ ಎಎಂಟಿಯಲ್ಲೂ ಇದೆ, ಡಿಸಿಟಿಯಲ್ಲೂ ಇದೆ. ಹಾಗಾಗಿ "ಐ20 ಆಟೋಮ್ಯಾಟಿಕ್ ಹೇಗೆ?" ಅಂತ ಯಾರಾದರೂ ಕೇಳಿದರೆ "ಯಾವ ಐ20?" ಅನ್ನುವುದೇ ಉತ್ತರ. ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷ ಮತ್ತು ವೇರಿಯಂಟ್ ಹೆಸರು ಇಟ್ಟುಕೊಂಡು ಆ ಕಾಲದ ಬ್ರೋಶರ್ ಹುಡುಕಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹೈಕ್ರಾಸ್, ಹೈರೈಡರ್‌ನಂಥ ಟೊಯೋಟ ಹೈಬ್ರಿಡ್‌ಗಳಲ್ಲಿ ಇರುವುದಕ್ಕೆ ಇ-ಸಿವಿಟಿ ಅನ್ನುತ್ತಾರೆ. ಹೆಸರಿನಲ್ಲಿ ಸಿವಿಟಿ ಇದ್ದರೂ ಅದರಲ್ಲಿ ಬೆಲ್ಟೂ ಇಲ್ಲ, ರಾಟೆಯೂ ಇಲ್ಲ. ಹಲ್ಲುಚಕ್ರ ಮತ್ತು ಮೋಟರುಗಳು ಅಷ್ಟೆ. ಸಿವಿಟಿ ಬಗ್ಗೆ ಕೇಳಿದ ದೂರುಗಳನ್ನು ಅದಕ್ಕೆ ಅಂಟಿಸಬೇಡಿ.

ಹೆಜ್ಜೆ 2: ಹೆಸರನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ

ಕಂಪನಿಗಳ ಹೆಸರು ಗಾಳಿಯಲ್ಲಿ ಹುಟ್ಟಿದ್ದಲ್ಲ. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ. ಬಿಡದಿಯಿಂದ ಹೊರಟ ಆ ಗಾಡಿಗಳು ಟ್ಯಾಕ್ಸಿ ಬೋರ್ಡ್ ಹಾಕಿಕೊಂಡು ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ದನ್ನು ನಾವೇ ನೋಡಿದ್ದೇವೆ. ಆ ಹೆಸರು ದುಡಿದು ಗಳಿಸಿದ್ದು. ಆದರೆ ಟ್ಯಾಕ್ಸಿ ಇನ್ನೋವಾಗಳಲ್ಲಿ ಹೆಚ್ಚಿನವು ಮ್ಯಾನುಯಲ್ ಅನ್ನುವುದನ್ನು ಮರೆಯಬೇಡಿ. ಆ ಹೆಸರನ್ನು ಅದೇ ಕಂಪನಿಯ ಬೇರೊಂದು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸಾಲ ಕೊಡಲು ಬರುವುದಿಲ್ಲ.

ಇನ್ನೂ ಒಂದು ಉದಾಹರಣೆ. 2019ರಲ್ಲಿ ಬಂದ ಟೊಯೋಟ ಗ್ಲಾಂಜಾ ಮೂಲದಲ್ಲಿ ಮಾರುತಿ ಬಲೆನೊ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಅದೇ. ಲೋಗೋ ಬೇರೆ, ವಾರಂಟಿ ಮತ್ತು ಸರ್ವಿಸ್ ಕೌಂಟರ್ ಬೇರೆ. "ಟೊಯೋಟ ಅಂದ್ರೆ ಗಟ್ಟಿ" ಅನ್ನುವವರು ಗ್ಲಾಂಜಾ ಹೊಗಳಿ, ಬಲೆನೊ ಬೈಯುವುದನ್ನು ಕೇಳಿದಾಗ ನಗು ಬರುತ್ತದೆ.

ಕೆಟ್ಟ ಹೆಸರಿನ ಕಥೆಯೂ ಹೀಗೇ. ಫೋಕ್ಸ್‌ವ್ಯಾಗನ್‌ನ 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ ತೆಗೆದುಕೊಳ್ಳಿ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ 3,84,181 ಕಾರುಗಳನ್ನು ಇದರ ಸಲುವಾಗಿ ವಾಪಸ್ ಕರೆಯಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಿಗೆ ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟರು. ಕಾರಣ ಏನು ಗೊತ್ತಾ? ಬಿಸಿ ಮತ್ತು ತೇವದ ಹವೆ, ಜೊತೆಗೆ ನಿಲ್ಲು-ಹೊರಡು ಟ್ರಾಫಿಕ್. ಇವೆರಡೂ ಸೇರಿದ ಕಡೆ ಸಿಂಥೆಟಿಕ್ ಆಯಿಲಿನಿಂದ ಗೇರ್‌ಬಾಕ್ಸಿಗೆ ಕರೆಂಟ್ ಕೊಡುವ ಭಾಗದಲ್ಲಿ ತೊಂದರೆ ಬರಬಹುದಿತ್ತು. ಖಾಲಿ ಹೈವೇಯಲ್ಲಿ ಚೆನ್ನಾಗಿದ್ದದ್ದು ನಮ್ಮಂಥ ಊರುಗಳಲ್ಲಿ ಒದ್ದಾಡಿತು. ಆಮೇಲೆ ಆ ಗೇರ್‌ಬಾಕ್ಸಿನಲ್ಲಿ ತಿದ್ದುಪಡಿಗಳಾಗಿವೆ. ಆದರೆ 2013ರ ಆಸುಪಾಸಿನ ಕಾರು ನೋಡುತ್ತಿದ್ದರೆ ಆ ಕೆಲಸ ಮಾಡಿಸಿದ್ದಾರಾ ಅಂತ ಕೇಳಲೇಬೇಕು.

ಫೋರ್ಡ್‌ನ ಪವರ್‌ಶಿಫ್ಟ್ ಕೂಡ ಡ್ರೈ ಕ್ಲಚ್ಚೇ. ಆಸ್ಟ್ರೇಲಿಯಾದಲ್ಲಿ ಅದರ ಬಗ್ಗೆ ಬಂದ ದೂರುಗಳನ್ನು ನಡೆಸಿಕೊಂಡ ರೀತಿಗೆ 2018ರಲ್ಲಿ ಅಲ್ಲಿನ ಕೋರ್ಟು ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಮ್ಮಲ್ಲಿ 2013ರ ಇಕೋಸ್ಪೋರ್ಟ್ ಆಟೋಮ್ಯಾಟಿಕ್ ಡಿಸಿಟಿ ಆಗಿತ್ತು. 2017ರ ಹೊಸ ರೂಪದಲ್ಲಿ ಅದನ್ನು ಬಿಟ್ಟು ಟಾರ್ಕ್ ಕನ್ವರ್ಟರ್ ಕೊಟ್ಟರು. ಒಂದೇ ಹೆಸರು, ಎರಡು ಬೇರೆ ಕಾರು ಅಂತಲೇ ಲೆಕ್ಕ. ನಿಸಾನ್ ಅಮೆರಿಕದಲ್ಲಿ ತನ್ನ 2003ರಿಂದ 2010ರವರೆಗಿನ ಸಿವಿಟಿ ಕಾರುಗಳ ಗೇರ್‌ಬಾಕ್ಸ್ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ಏರಿಸಿತ್ತು. ಅಮೆರಿಕದಲ್ಲಿ ಓದುವ ನಮ್ಮ ಹುಡುಗರು ಮೊದಲ ಕಾರು ಅಂತ ಅಗ್ಗದ ಹಳೇ ಸಿವಿಟಿ ಕಾರು ಹುಡುಕುವುದು ಜಾಸ್ತಿ. ಅವರು ದುಡ್ಡು ಕೊಡುವ ಮೊದಲು ಅಲ್ಲಿನ ಸರ್ಕಾರದ ರಸ್ತೆ ಸುರಕ್ಷತಾ ವೆಬ್‌ಸೈಟಿನಲ್ಲಿ ಕಾರಿನ 17 ಅಕ್ಷರದ ವಿನ್ ನಂಬರ್ (ಚಾಸಿಸ್ ನಂಬರ್) ಹಾಕಿದರೆ ಬಾಕಿ ಇರುವ ರೀಕಾಲ್‌ಗಳ, ಅಂದರೆ ದೋಷ ಸರಿಮಾಡಲು ಕಂಪನಿ ಕಾರು ವಾಪಸ್ ಕರೆದದ್ದರ, ಪಟ್ಟಿ ಪುಕ್ಕಟೆ ಸಿಗುತ್ತದೆ.

ರ‍್ಯಾಂಕಿಂಗ್ ಪಟ್ಟಿಗಳನ್ನೂ ಹುಷಾರಾಗಿ ಓದಿ. ಅಮೆರಿಕದ ಸಮೀಕ್ಷಾ ಕಂಪನಿ ಜೆ.ಡಿ. ಪವರ್‌ನ ಬಾಳಿಕೆ ಸಮೀಕ್ಷೆ ನೋಡುವುದು ಮೂರು ವರ್ಷದ ಕಾರುಗಳನ್ನು. ಪ್ರತಿ 100 ಕಾರಿಗೆ ಎಷ್ಟು ತೊಂದರೆ ಅಂತ ಎಣಿಸುತ್ತದೆ. ಬ್ಲೂಟೂತ್ ಸಿಗದಿದ್ದರೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋದರೂ ಒಂದು ತೊಂದರೆ. ನೀವು ಕೊಳ್ಳುತ್ತಿರುವುದು ಏಳೆಂಟು ವರ್ಷದ ಕಾರಾದರೆ ಆ ಪಟ್ಟಿಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಕಾಗದ ಮೊದಲು, ಕಾರು ಆಮೇಲೆ

ಮಾರುವವರಿಗೆ "ಸರ್ವಿಸ್ ಹಿಸ್ಟರಿ ಇದೆಯಾ?" ಅಂತ ಕೇಳಿದರೆ "ಫುಲ್ ಇದೆ ಸಾರ್" ಅಂತಲೇ ಬರುತ್ತದೆ. ಹಾಗೆ ಕೇಳಬೇಡಿ. "ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ ತೋರಿಸಿ" ಅನ್ನಿ. ಬಿಲ್ಲಿನಲ್ಲಿ ಎಂಜಿನ್ ಆಯಿಲ್ ಬೇರೆ ಸಾಲು, ಗೇರ್ ಆಯಿಲ್ ಬೇರೆ ಸಾಲು ಇರುತ್ತದೆ. ಬಹಳ ಜನ ಎಂಜಿನ್ ಆಯಿಲ್ ಬದಲಾಯಿಸಿ "ಆಯಿಲ್ ಎಲ್ಲಾ ಆಗಿದೆ" ಅಂದುಕೊಂಡಿರುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತೇ ಇಲ್ಲ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಓನರ್ ಜೊತೆ ಹೋಗಿ ರಿಜಿಸ್ಟ್ರೇಷನ್ ಅಥವಾ ಚಾಸಿಸ್ ನಂಬರ್ ಕೊಟ್ಟರೆ ಹಳೆಯ ಕೆಲಸಗಳ ಪಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಮೀಟರ್ ತಿರುಗಿಸಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಮೂರು ವರ್ಷದ ಹಿಂದೆ 68,000 ಇದ್ದ ಕಾರು ಈಗ 52,000 ತೋರಿಸಿದರೆ ಇನ್ನೇನು ಹೇಳಬೇಕು? ರೀಕಾಲ್ ಬಾಕಿ ಇದೆಯಾ ಅಂತಲೂ ಅಲ್ಲೇ ಕೇಳಿ. ನಮ್ಮಲ್ಲಿ 2012ರಿಂದ ಕಂಪನಿಗಳು ತಾವಾಗಿ ರೀಕಾಲ್ ಮಾಡುವ ಪದ್ಧತಿ ಇದೆ. 2021ರ ಏಪ್ರಿಲ್‌ನಿಂದ ಸರ್ಕಾರವೇ ರೀಕಾಲ್ ಮಾಡಿಸುವ ನಿಯಮವೂ ಜಾರಿಗೆ ಬಂದಿದೆ.

ಹೆಜ್ಜೆ 4: ತಣ್ಣಗಿರುವ ಕಾರನ್ನೇ ಓಡಿಸಿ ನೋಡಿ

"ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿಬಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಗೇರ್‌ಬಾಕ್ಸಿನ ಎಷ್ಟೋ ತೊಂದರೆಗಳು ತಣ್ಣಗಿದ್ದಾಗ ಮಾತ್ರ ಕಾಣುತ್ತವೆ. ಇನ್ನು ಕೆಲವು ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಬೆಂದ ಮೇಲೆ ಮಾತ್ರ. ಹಾಗಾಗಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವ ಟೆಸ್ಟ್ ಡ್ರೈವ್ ಸಾಲದು.

ಮ್ಯಾನುಯಲ್ ಆದರೆ: ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 45-50ರ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ, ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಎರಡನೇ ಗೇರಿಗೆ ಹಾಕುವಾಗ ಕಟಕಟ ಅಂದರೆ ಒಳಗಿನ ಸಿಂಕ್ರೊ ರಿಂಗ್ (ಗೇರು ಸಲೀಸಾಗಿ ಕೂರಲು ನೆರವಾಗುವ ಬಳೆ) ಹೋಗುತ್ತಿದೆ. ನ್ಯೂಟ್ರಲ್‌ನಲ್ಲಿ ಬರುವ ಗೊರಗೊರ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ. ಎರಡನೆಯದು ಕ್ಲಚ್ ಸೆಟ್ ಬದಲಾಯಿಸುವಾಗ ಸರಿಹೋಗುತ್ತದೆ. ಮೊದಲನೆಯದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕು. ಚೌಕಾಸಿ ಮಾಡುವಾಗ ಈ ವ್ಯತ್ಯಾಸ ನೆನಪಿರಲಿ.

ಆಟೋಮ್ಯಾಟಿಕ್ ಆದರೆ: ಬ್ರೇಕ್ ಮೇಲೆ ಕಾಲಿಟ್ಟು ಎನ್‌ನಿಂದ (ನ್ಯೂಟ್ರಲ್) ಡಿಗೆ (ಮುಂದಕ್ಕೆ), ಮತ್ತೆ ಆರ್‌ಗೆ (ರಿವರ್ಸ್) ಹಾಕಿ. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಗಳಲ್ಲಿ ಸುಮಾರು ಒಂದು ಸೆಕೆಂಡಿನಲ್ಲಿ ಹಿಡಿದ ಅನುಭವ ಆಗಬೇಕು. ಎರಡು ಸೆಕೆಂಡಿಗಿಂತ ಜಾಸ್ತಿ ಕಾಯಿಸಿ ಆಮೇಲೆ "ಧಡ್" ಅಂದರೆ ಆ ಕಾರು ಬೇಡ. ಸಣ್ಣ ಏರಿನಲ್ಲಿ ರಿವರ್ಸ್ ಹೋಗಿ ನೋಡಿ. ಇದನ್ನು ಬಹಳ ಜನ ಮಾಡುವುದೇ ಇಲ್ಲ. ಸಿವಿಟಿಯಲ್ಲಿ 20ರಿಂದ 50ರವರೆಗೆ ಮೆಲ್ಲಗೆ ಏರಿಸುತ್ತಾ ಹೋಗಿ, ನಡುಕ ಬರುತ್ತಾ ಗಮನಿಸಿ. ಡಿಸಿಟಿಯನ್ನು ಬೇಕಂತಲೇ ಟ್ರಾಫಿಕ್‌ಗೆ ಒಯ್ಯಿರಿ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಹತ್ತಿರ ಇಪ್ಪತ್ತು ನಿಮಿಷ ಸಾಕು. ಒಂದರಿಂದ ಎರಡಕ್ಕೆ ಹೋಗುವಾಗ ಅದುರಿದರೆ, ಅಥವಾ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಡ್ಯಾಶ್‌ಬೋರ್ಡ್ ಹೇಳಿದರೆ, ಅಲ್ಲಿಗೆ ಮುಗಿಯಿತು.

ಕೊನೆಗೆ, ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸಿ. ನಂಬುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಅವರ ದಿನದ ಕೂಲಿ ಕೊಡಿ. ಎಂಜಿನ್ ಮಾತ್ರ ನೋಡಿ ಬಿಡಬೇಡಿ, ಗೇರ್‌ಬಾಕ್ಸಿನ ಕಂಪ್ಯೂಟರ್ ಬೇರೆ ಇರುತ್ತದೆ, ಅದನ್ನೂ ಓದಿಸಬೇಕು.

ಹೆಜ್ಜೆ 5: ಆಯಿಲ್

ಲೇಖನದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ಭಾಗ ನೆನಪಿಟ್ಟುಕೊಳ್ಳಿ.

"ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಅನ್ನುವ ಮಾತು ಸರ್ವಿಸ್ ಸೆಂಟರ್‌ಗಳಲ್ಲೇ ಕೇಳಿಬರುತ್ತದೆ. ದೊಡ್ಡ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳ ಆಯಿಲನ್ನು 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಾಯಿಸಿ ಅನ್ನುತ್ತದೆ. ಮಾಡಿದವರೇ ಹಾಗೆ ಹೇಳುವಾಗ ನಾವು ಯಾಕೆ ಸುಮ್ನೆ ಧೈರ್ಯ ಮಾಡಬೇಕು?

ಓನರ್ ಮ್ಯಾನುಯಲ್ ತೆಗೆದು ನೋಡಿ. ಎಷ್ಟೋ ಪುಸ್ತಕಗಳಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಕಠಿಣ ಅಂದರೆ ನಿಲ್ಲು-ಹೊರಡು ಟ್ರಾಫಿಕ್, ಧೂಳು, ಬಿಸಿಲು, ಸಣ್ಣ ಸಣ್ಣ ಓಡಾಟ, ಘಾಟಿ. ಬೆಂಗಳೂರಿನವರ ದಿನಚರಿಯನ್ನೇ ಬರೆದ ಹಾಗಿದೆ ಅಲ್ವಾ? ಒಂದು ಲೆಕ್ಕ ಹಾಕಿ. ಸರಾಸರಿ ಗಂಟೆಗೆ 60ರ ವೇಗದಲ್ಲಿ ಹೈವೇಯಲ್ಲಿ 40,000 ಕಿ.ಮೀ. ಓಡಿದ ಕಾರಿನ ಗೇರ್‌ಬಾಕ್ಸ್ ಕೆಲಸ ಮಾಡಿದ್ದು ಸುಮಾರು 670 ಗಂಟೆ. ಊರೊಳಗೆ ಸರಾಸರಿ 15ರಲ್ಲಿ ಅದೇ 40,000 ಓಡಿದರೆ ಸುಮಾರು 2,670 ಗಂಟೆ. ಮೀಟರ್ ಒಂದೇ ತೋರಿಸುತ್ತದೆ, ಆಯಿಲ್ ಪಟ್ಟ ಪಾಡು ನಾಲ್ಕು ಪಟ್ಟು.

ಪುಸ್ತಕದಲ್ಲಿ ಬೇರೆ ಹೇಳದಿದ್ದರೆ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು. ಸಿವಿಟಿಗೆ 40,000 ಕಿ.ಮೀ. ವೆಟ್ ಕ್ಲಚ್ ಡಿಸಿಟಿಗೆ 60,000, ಫಿಲ್ಟರ್ ಇದ್ದರೆ ಜೊತೆಗೆ ಅದೂ. ಟಾರ್ಕ್ ಕನ್ವರ್ಟರ್‌ಗೆ 60,000. ಮ್ಯಾನುಯಲ್ ಮತ್ತು ಎಎಂಟಿಗೆ 50,000. ಸ್ವಲ್ಪ ಮೊದಲೇ ಆಯಿತು ಅನ್ನುವವರು ಇರಬಹುದು. ಆಯಿಲ್ ಖರ್ಚು ಸಾವಿರಗಳಲ್ಲಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಖರ್ಚು ಲಕ್ಷದ ಮಾತು. ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಯಾವ ಆಯಿಲ್ ಅನ್ನುವುದರಲ್ಲಿ ರಾಜಿ ಬೇಡ. ಸಿವಿಟಿಗೆ ಸಿವಿಟಿಯದೇ ಆಯಿಲ್ ಬೇಕು, ಅದೂ ಪುಸ್ತಕದಲ್ಲಿ ಬರೆದ ಗ್ರೇಡಿನದು. ಅದರಲ್ಲಿ ಬೆಲ್ಟು ರಾಟೆಯನ್ನು ಜಾರದೆ ಹಿಡಿಯಬೇಕು, ಹಾಗೇ ಸವೆಯಲೂ ಬಾರದು. ಈ ಎರಡನ್ನೂ ನಿಭಾಯಿಸುವುದು ಆಯಿಲೇ. "ಎಲ್ಲಾ ಆಟೋಮ್ಯಾಟಿಕ್‌ಗೂ ಇದೇ ಹಾಕ್ತೀವಿ" ಅನ್ನುವ ಅಂಗಡಿಯಿಂದ ಹೊರಗೆ ಬನ್ನಿ. ಮ್ಯಾನುಯಲ್‌ನಲ್ಲೂ ಒಂದು ಸೂಕ್ಷ್ಮ ಇದೆ. ಪುಸ್ತಕದಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತಿದ್ದರೆ "ಜಿಎಲ್-5 ಇನ್ನೂ ಒಳ್ಳೇದು" ಅಂತ ಹಾಕಿಸಬೇಡಿ. ನಂಬರ್ ದೊಡ್ಡದಾದ ಮಾತ್ರಕ್ಕೆ ಆಯಿಲ್ ಒಳ್ಳೆಯದಲ್ಲ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಿ, ಟೀ ಕುಡಿಯಲು ಹೋಗಬೇಡಿ. ನೋಡಬೇಕಾದ್ದು ಇಷ್ಟು. ತುಂಬಿಸುವ ಬೋಲ್ಟನ್ನು ಮೊದಲು ಬಿಚ್ಚಬೇಕು, ಇಳಿಸುವ ಬೋಲ್ಟ್ ಆಮೇಲೆ. ಹಳೆ ಕಾರುಗಳಲ್ಲಿ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿಂದ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಕಾರು ಅಲ್ಲೇ ಉಳಿಯುತ್ತದೆ. ಬೋಲ್ಟಿನ ವಾಷರ್ ಹೊಸದಿರಲಿ. ಇಳಿದ ಆಯಿಲನ್ನು ಅಳತೆ ಮಾಡಿಸಿ, ಹಾಕಿದ್ದನ್ನೂ ಅಳೆಯಿರಿ.

ಡ್ರೈನ್ ಬೋಲ್ಟಿನ ಅಥವಾ ಕೆಳಗಿನ ಪ್ಯಾನಿನ ಮ್ಯಾಗ್ನೆಟ್ ನೋಡಿ. ಕಾಡಿಗೆಯಂಥ ಬೂದು ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ವಿಷಯ ಬೇರೆ. ಟಾರ್ಕ್ ಕನ್ವರ್ಟರ್‌ಗೆ ಹಾಕುವ ಹೊಸ ಆಯಿಲ್ ಸಾಮಾನ್ಯವಾಗಿ ಪುನರ್ಪುಳಿ ಶರಬತ್ತಿನ ಬಣ್ಣದಲ್ಲಿರುತ್ತದೆ. ಬೇರೆ ಬಗೆಯವು ಬೇರೆ ಬಣ್ಣ, ಹಾಗಾಗಿ ಬಣ್ಣಕ್ಕಿಂತ ವಾಸನೆಯನ್ನು ನಂಬಿ.

ಲೆವೆಲ್ ನೋಡುವುದರಲ್ಲೇ ಹೆಚ್ಚು ತಪ್ಪಾಗುವುದು. ಈಗಿನ ಬಹಳಷ್ಟು ಆಟೋಮ್ಯಾಟಿಕ್‌ಗಳಲ್ಲಿ ಅಳತೆ ಕಡ್ಡಿಯೇ ಇಲ್ಲ. ಆಯಿಲ್ ಇಷ್ಟೇ ಡಿಗ್ರಿ ಬಿಸಿ ಇರಬೇಕು, ಎಂಜಿನ್ ಓಡುತ್ತಿರಬೇಕು, ಕಾರು ಸಮತಟ್ಟಾಗಿರಬೇಕು, ಆಗ ಲೆವೆಲ್ ಬೋಲ್ಟಿನಿಂದ ಸಣ್ಣಗೆ ತೊಟ್ಟಿಕ್ಕಬೇಕು. ಡಿಗ್ರಿ ನೋಡಲು ಸ್ಕ್ಯಾನರ್ ಬೇಕು. "ಅಂದಾಜಲ್ಲಿ ಹಾಕ್ತೀನಿ ಬಿಡಿ ಸಾರ್" ಅನ್ನುವವರಿಗೆ ಕೈ ಮುಗಿದುಬಿಡಿ.

ಒಂದು ಸಲ ಇಳಿಸಿದರೆ ಟಾರ್ಕ್ ಕನ್ವರ್ಟರ್‌ನಲ್ಲಿ ಪೂರ್ತಿ ಆಯಿಲ್ ಬರುವುದಿಲ್ಲ, ಒಂದಷ್ಟು ಒಳಗೇ ಉಳಿಯುತ್ತದೆ. ಆಯಿಲ್ ತುಂಬಾ ಕೆಟ್ಟಿದ್ದರೆ ಕೆಲವು ನೂರು ಕಿಲೋಮೀಟರ್ ಬಿಟ್ಟು ಇನ್ನೊಂದು ಸಲ ಮಾಡಿಸುವುದು ಒಳ್ಳೆಯದು. ಯಾವತ್ತೂ ಆಯಿಲ್ ಬದಲಾಗದ ಹಳೆ ಗೇರ್‌ಬಾಕ್ಸಿಗೆ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. "ಹಳೇ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಹಾಕಿದ್ರೆ ಕೆಟ್ಟೋಗುತ್ತೆ" ಅನ್ನುವ ಮಾತೂ ಕೇಳಿರುತ್ತೀರಿ. ಹಾಗೆ ಕೆಟ್ಟವು ಸಾಮಾನ್ಯವಾಗಿ ಮೊದಲೇ ಜಾರುತ್ತಿದ್ದವು. ಕೊನೆ ಗಳಿಗೆಯಲ್ಲಿ ಡಾಕ್ಟರ ಹತ್ತಿರ ಒಯ್ದು, ಡಾಕ್ಟರರಿಂದಲೇ ಸತ್ತ ಅಂದ ಹಾಗೆ.

ಹೆಜ್ಜೆ 6: ಗೇರ್‌ಬಾಕ್ಸ್ ನೋಡಿ ಓಡಿಸಿ

ಎಎಂಟಿ ಮತ್ತು ಡ್ರೈ ಡಿಸಿಟಿಯಲ್ಲಿ ಏರಿನ ಮೇಲೆ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ. ಅದು ಹಾಫ್ ಕ್ಲಚ್‌ನಲ್ಲಿ ನಿಂತ ಹಾಗೆ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಹಿಡಿಯಿರಿ. ಟ್ರಾಫಿಕ್‌ನಲ್ಲಿ ಮುಂದಿನ ಕಾರು ಒಂದಡಿ ಸರಿದಾಗ ನೀವೂ ಒಂದಡಿ ಸರಿಯಬೇಡಿ. ಎರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಮ್ಮೆಗೇ ಹೋಗಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ, ಕ್ಲಚ್ ನಿಮ್ಮದು.

ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಹಳೆ ಚಾಳಿ ಈಗಲೂ ಇದೆ. ಅದು ಜೀವಕ್ಕೇ ಅಪಾಯ. ಏರುವಾಗ ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು ಅನ್ನುವುದು ಘಾಟಿ ಡ್ರೈವರುಗಳ ಲೆಕ್ಕ. ಆಟೋಮ್ಯಾಟಿಕ್‌ನಲ್ಲೂ ಕೆಳಗಿನ ಗೇರಿನಲ್ಲೇ ಹಿಡಿದಿಡಲು ಎಲ್, ಎಸ್ ಅಥವಾ ಎಂ ಇರುತ್ತದೆ. ಕಾರು ಕೊಂಡು ನಾಲ್ಕು ವರ್ಷವಾದರೂ ಅದನ್ನು ಮುಟ್ಟದವರು ನನಗೆ ಗೊತ್ತು.

ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ (ಪಾರ್ಕ್). ಉಲ್ಟಾ ಮಾಡಿದರೆ ಕಾರಿನ ಇಡೀ ಭಾರ ಗೇರ್‌ಬಾಕ್ಸಿನ ಒಳಗಿರುವ ಬೆರಳುದ್ದದ ಒಂದು ಕೊಂಡಿಯ ಮೇಲೆ ಬೀಳುತ್ತದೆ. ಮತ್ತೆ ತೆಗೆಯುವಾಗ "ಟಕ್" ಅಂತ ಕೇಳುವುದು ಅದೇ.

ಹೆಜ್ಜೆ 7: ನೀರಿಗೆ ಇಳಿದಿದ್ದರೆ

ಮಳೆಗಾಲದಲ್ಲಿ ಅಂಡರ್‌ಪಾಸ್ ದಾಟಿ "ಏನೂ ಆಗಲಿಲ್ಲ" ಅಂತ ಮನೆಗೆ ಬರುತ್ತೇವೆ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ನಳಿಗೆ ಇರುತ್ತದೆ. ಬಿಸಿಯಾಗಿದ್ದ ಗೇರ್‌ಬಾಕ್ಸ್ ತಣ್ಣೀರಿನಲ್ಲಿ ಫಕ್ಕನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಆ ನಳಿಗೆಯಿಂದ, ಸವೆದ ಸೀಲುಗಳಿಂದ ನೀರನ್ನು ಎಳೆದುಕೊಳ್ಳಬಹುದು. ನೀರು ಬಾಗಿಲ ತಳಕ್ಕೆ ಬಂದಿತ್ತು ಅಂದರೆ ಆ ವಾರವೇ ಗೇರ್ ಆಯಿಲ್ ನೋಡಿಸಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕೂಡಲೇ ಬದಲಾಯಿಸಿ, ಆಟೋಮ್ಯಾಟಿಕ್ ಆದರೆ ಓಡಿಸುತ್ತಾ ಗ್ಯಾರೇಜಿಗೆ ಹೋಗುವುದೂ ಬೇಡ.

ಕಾರು ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸುವುದು ನಮ್ಮಲ್ಲಿ ಮಾಮೂಲಿ. ಮ್ಯಾನುಯಲ್ ಆದರೆ ನ್ಯೂಟ್ರಲ್‌ನಲ್ಲಿ ಹತ್ತಿರದ ಗ್ಯಾರೇಜಿನವರೆಗೆ ಹೇಗೋ ನಡೆಯುತ್ತದೆ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಆಫ್ ಆಗಿ ಚಕ್ರ ಮಾತ್ರ ಉರುಳಿದರೆ ಒಳಗಿನ ಭಾಗಗಳು ಆಯಿಲಿಲ್ಲದೆ ಒಣಗಿ ತಿರುಗುತ್ತವೆ. ಟೋಯಿಂಗ್‌ನವರಿಗೆ ಫೋನ್ ಮಾಡುವಾಗಲೇ "ಆಟೋಮ್ಯಾಟಿಕ್ ಕಾರು, ಫ್ಲಾಟ್‌ಬೆಡ್ ಗಾಡಿ ಕಳಿಸಿ" ಅಂತ ಹೇಳಿ, ಅಂದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿ. ಕೊಕ್ಕೆ ಗಾಡಿ ತಂದು "ಎರಡೇ ಕಿಲೋಮೀಟರ್ ಅಲ್ವಾ ಸಾರ್" ಅಂದರೆ ವಾಪಸ್ ಕಳಿಸಿ, ಇನ್ನೊಂದು ಗಂಟೆ ಕಾಯಿರಿ.